ತಿಥಿಯ ಎಲೆ, ಏಕಾದಶಿಯ ತಟ್ಟೆ

ಸಿದ್ದಾಪುರದ ಕಡೆಯ ನನ್ನ ತವರುಮನೆಯಲ್ಲಿ ತಿಥಿಯ ಅಡುಗೆಗೆ ಮೆಣಸಿನಕಾಯಿ ಹಾಕುವುದಿಲ್ಲ. ಸಾರಿಗೂ ಹುಳಿಗೂ ಪಲ್ಯಕ್ಕೂ ಖಾರ ಬರುವುದು ಕಾಳುಮೆಣಸಿನಿಂದ, ಜೊತೆಗೆ ಸ್ವಲ್ಪ ಶುಂಠಿಯಿಂದ. ಬಟಾಟೆ, ಟೊಮೇಟೊ, ಕ್ಯಾಬೇಜು, ಬೀನ್ಸ್, ಕ್ಯಾರೆಟ್ ಆ ದಿನ ಒಲೆಯ ಹತ್ತಿರ ಸುಳಿಯುವಂತಿಲ್ಲ. ಎಲೆಗೆ ಬರುವುದು ಬಾಳೆಕಾಯಿ, ಹಾಗಲಕಾಯಿ, ಕೆಸು, ಸುವರ್ಣಗೆಡ್ಡೆ, ಉದ್ದಿನ ವಡೆ, ಎಳ್ಳಿನ ಉಂಡೆ. ಚಿಕ್ಕವಳಿದ್ದಾಗ ಕಾರಣ ಕೇಳಿದರೆ ಆಯಿ, ಅಂದರೆ ನನ್ನ ಅಮ್ಮ, ಹೇಳುತ್ತಿದ್ದದ್ದು ಇಷ್ಟೇ: "ಅದೆಲ್ಲ ತಿಥಿಗೆ ಆಗ್ತಿಲ್ಲೆ." ಮದುವೆಯಾಗಿ ಧಾರವಾಡದ ಮನೆಗೆ ಬಂದ ಮೇಲೆ ಅಲ್ಲಿಯೂ ಹೆಚ್ಚುಕಡಿಮೆ ಇದೇ ಕಟ್ಟುಪಾಡು ಇರುವುದನ್ನು ಕಂಡೆ. ಆದರೆ ಅದೇ ಮನೆಯಲ್ಲಿ ಏಕಾದಶಿಯ ದಿನ ಅತ್ತೆಯವರು ಸಾಬೂದಾಣಿ ಖಿಚಡಿ ಮಾಡುತ್ತಾರೆ. ನೆನೆಸಿಟ್ಟ ಸಾಬೂದಾಣಿಗೆ ಹುರಿದ ಶೇಂಗಾದ ಪುಡಿ ಕಲಸಿ, ಬಟಾಟೆಯ ಹೋಳು ಮತ್ತು ಹಸಿಮೆಣಸಿನಕಾಯಿ ಒಗ್ಗರಣೆಗೆ ಬಿದ್ದು, ಮನೆ ತುಂಬ ಘಮ ಏಳುತ್ತದೆ. ತಿಥಿಗೆ ನಡೆಯದ ಬಟಾಟೆ ಉಪವಾಸಕ್ಕೆ ಹೇಗೆ ನಡೆಯುತ್ತದೆ ಎಂದು ಕೇಳಿದಾಗ ಅತ್ತೆಯವರು ಯೋಚಿಸಬೇಕಾಗಿಯೇ ಬರಲಿಲ್ಲ. "ಅದು ಧಾನ್ಯ ಅಲ್ಲಲ್ಲ, ನಡೀತದ" ಎಂದರು.

ಆ ಖಿಚಡಿಯ ನಾಲ್ಕು ಮುಖ್ಯ ಸಾಮಗ್ರಿಗಳೂ ಅಮೆರಿಕ ಖಂಡಗಳಿಂದ ಬಂದವು. ಸಾಬೂದಾಣಿ ಮಾಡುವ ಮರಗೆಣಸು ದಕ್ಷಿಣ ಅಮೆರಿಕದ್ದು. ಶೇಂಗಾವೂ ಅಲ್ಲಿಯದೇ, ಬಟಾಟೆ ಆಂಡಿಸ್ ಪರ್ವತಗಳದ್ದು, ಮೆಣಸಿನಕಾಯಿಯನ್ನು ಮೊದಲು ಬೆಳೆಸಿದವರು ಮೆಕ್ಸಿಕೊದ ಕಡೆಯ ಜನ. ಮೊದಲು ಆಗ್ನೇಯ ಏಷ್ಯದಿಂದ ಹಡಗಿನಲ್ಲಿ ಬರುತ್ತಿದ್ದ ಸಾಬೂದಾಣಿ ಒಂದು ಜಾತಿಯ ತಾಳೆಮರದ ತಿರುಳಿನದು. ಎರಡನೆಯ ಮಹಾಯುದ್ಧದಲ್ಲಿ ಆ ಸರಕು ನಿಂತಾಗ ಸೇಲಂ ಸುತ್ತಿನಲ್ಲಿ ಮರಗೆಣಸಿನಿಂದ ಅದನ್ನು ತಯಾರಿಸುವ ಉದ್ಯಮ ಬೆಳೆಯಿತು. ಹೀಗೆ ನೂರು ವರ್ಷವೂ ತುಂಬದ ಒಂದು ಕೈಗಾರಿಕೆಯ ಸರಕು ನಮ್ಮ ಅತ್ಯಂತ ಮಡಿಯ ದಿನದ ಆಹಾರವಾಗಿದೆ. ಅದೇ ಹೊತ್ತಿಗೆ, ಐದು ಶತಮಾನಗಳಿಂದ ನಮ್ಮ ಹಿತ್ತಿಲಲ್ಲಿ ಬೆಳೆಯುತ್ತಿರುವ ಮೆಣಸಿನಕಾಯಿ ಪಿತೃಗಳ ಎಲೆಗೆ ಇನ್ನೂ ಹೊರಗಿನದಾಗಿಯೇ ಉಳಿದಿದೆ.

ಇದನ್ನು ಬಹಳ ಕಾಲ ಯೋಚಿಸಿದ ಮೇಲೆ ನನಗೆ ತೋರಿದ್ದು, ಎರಡು ನಿಯಮಗಳ ಸ್ವರೂಪವೇ ಬೇರೆ ಎಂಬುದು. ಏಕಾದಶಿಯ ನಿಯಮ ಬೇಡವಾದುದನ್ನು ಹೆಸರಿಸುತ್ತದೆ: ಅಕ್ಕಿ ಬೇಡ, ಬೇಳೆ ಬೇಡ, ಧಾನ್ಯ ಬೇಡ. ಆ ನಿಯಮ ಹುಟ್ಟಿದಾಗ ಈ ನೆಲದಲ್ಲಿ ಇರದಿದ್ದ ಬಟಾಟೆಯಾಗಲಿ ಮರಗೆಣಸಾಗಲಿ ಆ ಪಟ್ಟಿಯಲ್ಲಿರುವುದು ಸಾಧ್ಯವಿರಲಿಲ್ಲ. ಆದ್ದರಿಂದ ಅವಕ್ಕೆ ಬಾಗಿಲು ತೆರೆದೇ ಇತ್ತು. ತಿಥಿಯ ಅಡುಗೆ ಮನೆಗಳಲ್ಲಿ ನಡೆದುಬಂದಿರುವ ರೀತಿ ಇದಕ್ಕೆ ತಿರುಗುಮುರುಗು. ಅಲ್ಲಿ ಹಿರಿಯರು ಉಂಡದ್ದನ್ನೇ ಬಡಿಸಬೇಕು, ಗೊತ್ತಿಲ್ಲದ್ದು ತಾನಾಗಿಯೇ ಹೊರಗುಳಿಯುತ್ತದೆ. ಹಾಗಾಗಿ ತಿಥಿಯ ಎಲೆ ಸಮುದ್ರದಾಚೆಯ ತರಕಾರಿಗಳು ಬರುವುದಕ್ಕೆ ಮುಂಚಿನ ನಮ್ಮ ಊಟದ ಒಂದು ದಾಖಲೆಯಂತೆ ಉಳಿದುಕೊಂಡಿತು. ಆದರೆ ಅದು ಕಲ್ಲಿನಲ್ಲಿ ಕೆತ್ತಿದ ದಾಖಲೆಯಲ್ಲ. ಮನುಸ್ಮೃತಿಯಲ್ಲಿ ಪಿತೃಗಳಿಗೆ ತೃಪ್ತಿ ಕೊಡುವ ಆಹಾರದ ಪಟ್ಟಿ ಎಳ್ಳು, ಅಕ್ಕಿ, ಜವೆ, ಉದ್ದಿನಿಂದ ಮೊದಲಾಗಿ ಮರುಶ್ಲೋಕದಲ್ಲಿಯೇ ಮೀನು ಮತ್ತು ಮಾಂಸಗಳಿಗೆ ಹೋಗುತ್ತದೆ. ನಮ್ಮ ಮನೆಗಳು ಅದರ ಮೊದಲ ಭಾಗವನ್ನು ಇಟ್ಟುಕೊಂಡು ಎರಡನೆಯದನ್ನು ಎಂದೋ ಬಿಟ್ಟಿವೆ. ಇತ್ತೀಚೆಗೆ ಎಷ್ಟೋ ಮನೆಗಳಲ್ಲಿ ತಿಥಿಯ ಪಾಯಸಕ್ಕೆ ಗೋಡಂಬಿ ಬೀಳುವುದನ್ನೂ ಕಂಡಿದ್ದೇನೆ. ಗೋಡಂಬಿ ಬ್ರೆಜಿಲಿನಿಂದ ಪೋರ್ಚುಗೀಸರು ತಂದ ಮರದ್ದು. ಕರಾವಳಿಯ ಗುಡ್ಡಗಳಲ್ಲಿ ಅದು ಎಷ್ಟು ಒಗ್ಗಿಹೋಗಿದೆಯೆಂದರೆ ಯಾರಿಗೂ ಅದರ ಮೇಲೆ ಅನುಮಾನ ಬಂದಂತಿಲ್ಲ.

ಮಾರುವ ಮೆಣಸು, ತಿನ್ನುವ ಮೆಣಸಿನಕಾಯಿ

ಮೆಣಸಿನಕಾಯಿ ಬೇರೆಲ್ಲಿ ಹಬ್ಬಿದರೂ ಅಷ್ಟು ಆಶ್ಚರ್ಯವಿಲ್ಲ. ಆದರೆ ಕಾಳುಮೆಣಸಿನ ತವರಾದ ಪಶ್ಚಿಮಘಟ್ಟದಲ್ಲಿಯೇ ಅದು ಗೆದ್ದದ್ದು ನನ್ನನ್ನು ಬಹಳ ಕಾಡಿದ ಸಂಗತಿ. ನಮ್ಮ ಅಡಿಕೆ ತೋಟದ ಪ್ರತಿ ಮೂರು–ನಾಲ್ಕು ಮರಕ್ಕೊಂದು ಮೆಣಸಿನ ಬಳ್ಳಿ ಹಬ್ಬಿರುತ್ತದೆ. 1801ರಲ್ಲಿ ಸೋಂದೆ–ಶಿರಸಿಯ ದಾರಿಯಲ್ಲಿ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೂಡ ಅಡಿಕೆ, ಮೆಣಸು, ಏಲಕ್ಕಿ ಒಂದೇ ತೋಟದಲ್ಲಿ ಬೆಳೆಯುವುದನ್ನು ದಾಖಲಿಸಿದ್ದಾನೆ. ಬಾಗಿಲ ಮುಂದೆಯೇ ಇಷ್ಟು ಖಾರ ಇರುವಾಗ ಕಡಲಾಚೆಯ ಖಾರ ಯಾರಿಗೆ ಬೇಕಿತ್ತು?

ಉತ್ತರ ನಾಲಿಗೆಯಲ್ಲಿಲ್ಲ, ಬೆಲೆಯಲ್ಲಿದೆ ಎಂಬುದು ನನ್ನ ನಂಬಿಕೆ. ಮೆಣಸಿಗೆ ಯಾವಾಗಲೂ ಕೊಳ್ಳುವವರಿದ್ದರು. ಹೊನ್ನಾವರ, ಭಟ್ಕಳ, ಮಿರ್ಜಾನದ ರೇವುಗಳಿಂದ ಅದು ಅರಬ್ ವ್ಯಾಪಾರಿಗಳ ಹಡಗು ಹತ್ತುತ್ತಿತ್ತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಈ ರೇವುಗಳ ಮೇಲೆ ಕಣ್ಣಿಟ್ಟದ್ದೂ ಅದಕ್ಕಾಗಿಯೇ, 1542ರಲ್ಲಿ ಭಟ್ಕಳವನ್ನು ಲೂಟಿ ಮಾಡಿದ್ದೂ ಈ ವ್ಯಾಪಾರದ ಹಿಡಿತದ ಜಗಳದಲ್ಲಿಯೇ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಇಷ್ಟು ಬೆಲೆಯ ಕಾಳನ್ನು ಬೆಳೆದವನು ದಿನಾ ಸಾರಿಗೆ ಹಿಡಿಹಿಡಿ ಹಾಕುವುದು ಸಾಧ್ಯವಿರಲಿಲ್ಲ. ಬಳ್ಳಿ ಫಸಲು ಕೊಡಲು ವರ್ಷಗಳು ಬೇಕು, ಹಬ್ಬಲು ಮರ ಬೇಕು, ನೆರಳು ಬೇಕು, ತೋಟ ಇರಬೇಕು. ಮೆಣಸಿನಕಾಯಿಗೆ ಇದಾವುದೂ ಬೇಡ. ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬೀಜ ಉದುರಿಸಿದರೆ ಕೆಲವೇ ತಿಂಗಳಲ್ಲಿ ಕಾಯಿ. ತೋಟವಿಲ್ಲದ, ಹೊಲವಿಲ್ಲದ ಮನೆಯೂ ಅದನ್ನು ಬೆಳೆದುಕೊಳ್ಳಬಹುದು. ಹೀಗೆ ಮೆಣಸನ್ನು ಮಾರಿ ಮೆಣಸಿನಕಾಯಿ ತಿನ್ನುವುದು ರೂಢಿಯಾಯಿತು. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ನಮ್ಮ ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡ ಕನ್ನಡ ಕಾವ್ಯ. ಅದರ ಕಾಲದ ಅಡುಗೆಮನೆಯಲ್ಲಿ ಮೆಣಸಿನಕಾಯಿಗೆ ಜಾಗವಿರಲಿಲ್ಲ. ಅಲ್ಲಿಂದೀಚೆಗೆ ಕೆಲವೇ ತಲೆಮಾರುಗಳಲ್ಲಿ ಅದಿಲ್ಲದ ಕನ್ನಡದ ಅಡುಗೆಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟವಾಗಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಇದು ಈ ಸೀಮೆಯದೇ ಸರಕೆಂದು ಸಾರುವ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಸಿಕ್ಕಿತು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಹಾವೇರಿ ಸೀಮೆಯ ಕಪ್ಪುಮಣ್ಣಿನ ರೈತರು ತಲೆತಲಾಂತರದಿಂದ ಬೀಜ ಆಯ್ದು ಆಯ್ದು ಆ ಸುಕ್ಕು, ಆ ಕಡುಗೆಂಪು, ಆ ಹದವಾದ ಖಾರವನ್ನು ಉಳಿಸಿಕೊಂಡಿದ್ದಾರೆ. ಬೀಜ ಎಲ್ಲಿಂದಲೋ ಬಂದಿರಬಹುದು, ಆ ಕಾಯಿ ಮಾತ್ರ ಇಲ್ಲಿಯದೇ.

ಸೂಜಿಮೆಣಸಿನ ಕಥೆ ಇನ್ನೂ ಸೊಗಸಾದದ್ದು. ಮಲೆನಾಡಿನ ಬೇಲಿಸಾಲಿನಲ್ಲಿ, ಬೆಟ್ಟದ ಅಂಚಿನಲ್ಲಿ, ಯಾರೂ ನೆಡದೆ ಹುಟ್ಟುವ ಆ ಪುಟ್ಟ ಕಾಯಿಯನ್ನು ನಮ್ಮ ಕಡೆ ಎಲ್ಲರೂ ಕಾಡಿನ ಗಿಡವೆಂದೇ ತಿಳಿದಿದ್ದಾರೆ. ಅದೂ ಅಮೆರಿಕದ ಮೆಣಸಿನಕಾಯಿಯೇ. ಹಕ್ಕಿಗಳಿಗೆ ಅದರ ಖಾರ ತಾಗುವುದಿಲ್ಲ. ಅವು ಹಣ್ಣು ತಿಂದು ಬೀಜವನ್ನು ಅಲ್ಲಲ್ಲಿ ಹಿಕ್ಕೆಯೊಡನೆ ಉದುರಿಸುತ್ತವೆ. ಹಡಗಿನಲ್ಲಿ ಬಂದ ಗಿಡ ಹೀಗೆ ಹಕ್ಕಿಯ ಹೊಟ್ಟೆಯ ಮೂಲಕ ಕಾಡು ಸೇರಿ, ಸೊಪ್ಪು ಸದೆ ಆಯಲು ಹೋದ ಹೆಂಗಸರ ಮಡಿಲಿಗೆ ಕಾಡಿನ ಕೊಡುಗೆಯಾಗಿ ಮರಳಿ ಬಂತು. ಆಯ್ದು ತಿನ್ನುವುದು, ಕೊಂಡು ತಿನ್ನುವುದು ಎಂಬ ಎರಡು ಬೇರೆ ಬೇರೆ ಕಾಲಗಳಿವೆ, ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಪಾಠಗಳಲ್ಲಿ ಓದಿದ್ದು ಈ ಗಿಡದ ಮುಂದೆ ನಿಲ್ಲುವುದಿಲ್ಲ.

ಒಂದು ಲೋಟ ಅಪ್ಪೆಹುಳಿ

ಬೇಸಿಗೆಯ ರಜೆಯಲ್ಲಿ ಮಾವಿನ ಮಿಡಿ ಕೊಯ್ಯಲು ದೊಡ್ಡಪ್ಪ ಹೊಳೆದಂಡೆಗೆ ಹೊರಟರೆ ನಾವು ಮಕ್ಕಳೂ ಹಿಂದೆಯೇ ಓಡುತ್ತಿದ್ದೆವು. ಅಪ್ಪೆ ಎಂಬ ಕಾಡುಮಾವಿನ ಮರಗಳು ಅಘನಾಶಿನಿಯಂಥ, ಶರಾವತಿಯಂಥ ಹೊಳೆಗಳ ದಂಡೆಯ ಕಾಡಿನಲ್ಲಿ ತಾವಾಗಿಯೇ ಬೆಳೆದವು. ಮುಗಿಲಿಗೆ ಏರಿದ ಮರದ ತುದಿಯಲ್ಲಿ ಮಿಡಿ. ಪ್ರತಿ ಮರದ ಪರಿಮಳವೂ ಬೇರೆ. ಒಂದರದು ಜೀರಿಗೆಯ ವಾಸನೆ, ಇನ್ನೊಂದರದು ಕರ್ಪೂರದ್ದು. ದೊಡ್ಡಪ್ಪ ತೊಟ್ಟು ಮುರಿದು ಸೊನೆಯನ್ನು ಅಂಗೈಗೆ ತಿಕ್ಕಿ ಮೂಸಿ ನೋಡುತ್ತಿದ್ದರು, ನಮಗೂ ಮೂಸಲು ಕೊಡುತ್ತಿದ್ದರು. ಮರ ಹತ್ತುವವರು ಬುಟ್ಟಿಗೆ ಹಗ್ಗ ಕಟ್ಟಿಕೊಂಡು ಹೋಗಿ ತೊಟ್ಟುಸಹಿತ ಕೊಯ್ದು ನಿಧಾನವಾಗಿ ಇಳಿಸುತ್ತಿದ್ದರು. ನೆಲಕ್ಕೆ ಬಿದ್ದ ಮಿಡಿಯನ್ನು ಉಪ್ಪಿನಕಾಯಿಗೆ ಸೇರಿಸುವಂತಿಲ್ಲ. ಪೆಟ್ಟು ತಿಂದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು. ಹಾಗೆ ಬಿದ್ದವೆಲ್ಲ ಆ ದಿನವೇ ಅಪ್ಪೆಹುಳಿಯಾಗುತ್ತಿದ್ದವು.

ಅಪ್ಪೆಹುಳಿಯಷ್ಟು ಸರಳವಾದ ಅಡುಗೆ ನಮ್ಮಲ್ಲಿ ಬೇರೆ ಇಲ್ಲ. ಮಿಡಿಯನ್ನೋ ಬಲಿತ ಮಾವಿನಕಾಯಿಯನ್ನೋ ಬೇಯಿಸಿ, ಕಿವುಚಿ, ಸಿಪ್ಪೆ ತೆಗೆದು, ತೆಳ್ಳಗೆ ನೀರು ಮಾಡಿ, ಉಪ್ಪು ಮತ್ತು ಚೂರು ಬೆಲ್ಲ ಹಾಕಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಅನ್ನಕ್ಕೂ ಕಲಸಬಹುದು, ಊಟದ ಕೊನೆಗೆ ಲೋಟದಲ್ಲಿ ಕುಡಿಯಲೂಬಹುದು. ಕುಡಿದವರಿಗೆ ಒಳ್ಳೆಯ ನಿದ್ದೆ ಬರುತ್ತದೆಂದು ಹೇಳುತ್ತಾರೆ. ಆದರೆ ಈ ಸರಳವಾದ ಲೋಟದೊಳಗೆ ಎಷ್ಟು ದಾರಿಗಳು ಕೂಡಿವೆ! ಮಾವು ಹೊಳೆದಂಡೆಯ ಕಾಡಿನದು, ಯಾರೂ ನೆಟ್ಟದ್ದಲ್ಲ. ಬೆಲ್ಲ ಊರಿನ ಆಲೆಮನೆಯ ಜೋನಿಬೆಲ್ಲ. ಉಪ್ಪು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಆಗರದಿಂದ, ಅದೇ ಅಘನಾಶಿನಿ ಸಮುದ್ರ ಸೇರುವಲ್ಲಿಂದ ಬಂದದ್ದು. ರಸ್ತೆಗಳಾಗುವ ಮೊದಲು ಅದು ಹೇರಿನ ಎತ್ತುಗಳ ಬೆನ್ನ ಮೇಲೆ ಘಟ್ಟ ಹತ್ತುತ್ತಿತ್ತು, ಇಳಿಯುವಾಗ ಅದೇ ಎತ್ತುಗಳು ಅಡಿಕೆ, ಮೆಣಸು, ಅಕ್ಕಿ ಹೊರುತ್ತಿದ್ದವು. ಮೆಣಸಿನಕಾಯಿಯ ಊರು ಆಗಲೇ ಹೇಳಿದೆ. ಇನ್ನು ಇಂಗು. ಅದರ ಗಿಡ ಅಫ್ಘಾನಿಸ್ತಾನ ಮತ್ತು ಇರಾನಿನ ಒಣಗುಡ್ಡಗಳಲ್ಲಿ ಬೆಳೆಯುತ್ತದೆ. ಇಂಗಿಲ್ಲದೆ ಒಗ್ಗರಣೆಯೇ ಇಲ್ಲವೆನ್ನುವ ಈ ದೇಶದಲ್ಲಿ ಅದನ್ನು ಬೆಳೆಯುವ ಪ್ರಯತ್ನ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಶುರುವಾದದ್ದು 2020ರಲ್ಲಿ. ಅಲ್ಲಿಯ ತನಕ ನಮ್ಮ ಅಜ್ಜಿಯರು ಡಬ್ಬಿಯಲ್ಲಿ ಜೋಪಾನ ಮಾಡುತ್ತಿದ್ದ ಒಂದೊಂದು ಚೂರೂ ಹೊರದೇಶದ್ದೇ. ಇಷ್ಟು ದೂರದ ಸರಕು ಮಡಿಯ ಅಡುಗೆಮನೆಯಲ್ಲಿ ನೆಲೆಸಿದ್ದು, ಬೆಳ್ಳುಳ್ಳಿ ಬೇಡವೆಂದ ನಿಯಮ ಉಳಿಸಿದ ಖಾಲಿ ಜಾಗವನ್ನು ಅದು ತುಂಬಿದ್ದರಿಂದಲೇ ಇರಬೇಕು. ಇಲ್ಲಿಯೂ ನಿಯಮವೇ ಹೊಸಬರಿಗೆ ದಾರಿ ಮಾಡಿಕೊಟ್ಟಿದೆ.

ಉಪ್ಪಿನಲ್ಲಿ ಸುಕ್ಕಿದ ಮಿಡಿಗಳನ್ನು ತುಂಬಿಡುತ್ತಿದ್ದ ಭರಣಿಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಹುಳಿ–ಉಪ್ಪು ತಿನ್ನಲಾರದ ಮೆರುಗಿನ ಪಾತ್ರೆಗಳು ಚೀನಾ ಮತ್ತು ಬರ್ಮಾದ ಕಡೆಯಿಂದ ಹಿಂದೂ ಮಹಾಸಾಗರದ ವ್ಯಾಪಾರದಲ್ಲಿ ಈ ಕರಾವಳಿಗೆ ಬರುತ್ತಿದ್ದವು. ಕಾಡಿನ ಮಿಡಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುವ ನಮ್ಮ ಜಾಣ್ಮೆಯಲ್ಲಿ ಸಮುದ್ರದ ಪಾಲೂ ಇದೆ.

ಮಳೆಗಾಲದ ತಿನಿಸು

ಆಷಾಢದ ಮಳೆ ಹಿಡಿದರೆ ಹಿಂದೆ ನಮ್ಮ ಊರಿನಿಂದ ಪೇಟೆಗೆ ಹೋಗುವುದೇ ಕಷ್ಟವಿತ್ತು. ಹಳೆಯ ಅಕ್ಕಿ ಮುಗಿಯುತ್ತ ಬಂದಿರುತ್ತಿತ್ತು, ಹೊಸ ಬತ್ತ ಇನ್ನೂ ಗದ್ದೆಯಲ್ಲಿ. ತರಕಾರಿ ಬಳ್ಳಿಗಳು ಕೊಳೆಯುವ ಆ ಹೊತ್ತಿನಲ್ಲಿ ಮನೆ ನಡೆಯುತ್ತಿದ್ದುದು ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಹಪ್ಪಳ, ಉಪ್ಪುನೀರಿನಲ್ಲಿ ಹಾಕಿಟ್ಟ ಸೊಳೆ, ಮಿಡಿ ಉಪ್ಪಿನಕಾಯಿ, ಮತ್ತು ಮಳೆಯೇ ಚಿಗುರಿಸಿದ ಸೊಪ್ಪುಗಳ ಮೇಲೆ. ತಗತೆ ಸೊಪ್ಪು, ಎಲವರಿಗೆ, ಒಂದೆಲಗ, ಮರದ ಕವಲಿನಲ್ಲಿ ಹುಟ್ಟುವ ಮರಗೆಸು, ಬಿದಿರುಮೆಳೆಯ ಕಳಲೆ. ತುಳುನಾಡಿನವರು ಆಟಿ ತಿಂಗಳಲ್ಲಿ ಇವನ್ನೇ ತಿನ್ನುತ್ತಾರೆ, ಆಟಿ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಈಗ ನಗರದ ಸಭಾಂಗಣಗಳಲ್ಲಿ ನಡೆಯುವ ಆಟಿ ಉತ್ಸವದ ಊಟವನ್ನು ಪ್ರೀತಿಯಿಂದ ಉಣ್ಣುವ ನಾವು, ಅದು ಮೂಲದಲ್ಲಿ ಕೊರತೆಯ ತಿಂಗಳ ಊಟವಾಗಿತ್ತೆಂಬುದನ್ನು ಮಕ್ಕಳಿಗೆ ಹೇಳಬೇಕು.

ಆಯ್ದು ತಂದದ್ದು ಹಾಗೆಯೇ ಬಾಯಿಗೆ ಹೋಗುವುದಿಲ್ಲ. ಕಳಲೆಯ ಸಿಪ್ಪೆಗಳನ್ನು ಒಂದೊಂದಾಗಿ ಸುಲಿದು, ಒಳಗಿನ ಎಳೆಯ ಭಾಗವನ್ನು ತೆಳ್ಳಗೆ ಹೆಚ್ಚಿ, ಎರಡು–ಮೂರು ದಿನ ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರು ಬದಲಿಸಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಸ್ತುವಿದೆ. ಹೆಚ್ಚಿದಷ್ಟೂ, ನೆನೆದಷ್ಟೂ ಅದು ಹೋಗುತ್ತದೆ. ಅಮ್ಮಮ್ಮನಿಗೆ ಆ ಹೆಸರು ಗೊತ್ತಿರಲಿಲ್ಲ, ಆದರೆ ಮೂರನೆಯ ದಿನದ ನೀರಿನ ವಾಸನೆಯಿಂದಲೇ "ಈಗ ಆತು" ಎಂದು ಹೇಳಬಲ್ಲವಳಾಗಿದ್ದಳು. ಕೆಸುವಿನ ಎಲೆಯದೂ ಹಾಗೆಯೇ. ಅದರಲ್ಲಿರುವ ಸೂಜಿಯಂಥ ಹರಳುಗಳು ಗಂಟಲನ್ನು ತುರಿಸುತ್ತವೆ. ಅದಕ್ಕೇ ಪತ್ರೊಡೆಯ ಹಿಟ್ಟಿಗೆ ಹುಣಸೆಯನ್ನೋ ವಾಟೆಹುಳಿಯನ್ನೋ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಇಲ್ಲಿ ಹುಳಿ ಬರೀ ರುಚಿಗೆ ಬಂದದ್ದಲ್ಲ. ಮುರುಗಲು (ಕೋಕಂ), ವಾಟೆ, ಉಪ್ಪಾಗೆ, ಅಂಬಟೆ, ಅಪ್ಪೆ ಎಂದು ಇಷ್ಟು ಬಗೆಯ ಕಾಡುಹುಳಿಗಳನ್ನು ಈ ಸೀಮೆಯ ಜನ ಗುರುತಿಸಿಟ್ಟುಕೊಂಡಿರುವುದರ ಹಿಂದೆ ಈ ತುರಿಕೆಯ ಎಲೆಗಡ್ಡೆಗಳ ಪಾಲು ದೊಡ್ಡದಿರಬೇಕು.

ಒಂದೇ ಕಾಡು ಎಲ್ಲರಿಗೂ ಒಂದೇ ಊಟ ಕೊಡಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಮೊದಲ ಗುಡುಗಿಗೆ ಹುತ್ತದ ಸುತ್ತ ಏಳುವ ಅಣಬೆ ನಮ್ಮ ಮನೆಯೊಳಗೆ ಬರುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬರುತ್ತಿದ್ದವರ ಮನೆಯಲ್ಲಿ ಆ ದಿನ ಹಬ್ಬ. ಹೊಸನೀರಿಗೆ ಗದ್ದೆಯ ಕಾಲುವೆ ಹತ್ತಿ ಬರುವ ಹತ್ತುಮೀನು, ಕಲ್ಲುಸಂದಿಯ ಏಡಿ, ಎಲೆಗೂಡಿನ ಚಗಳಿ ಇರುವೆಯ ಚಟ್ನಿ, ಇವೆಲ್ಲ ಅವರ ತಟ್ಟೆಯವು. ಚಗಳಿ ಚಟ್ನಿಯ ಹುಳಿಯನ್ನು ವರ್ಣಿಸುವಾಗ ನನ್ನ ಶಾಲೆಯ ಗೆಳತಿಯ ಕಣ್ಣು ಅರಳುತ್ತಿದ್ದ ರೀತಿ ನನಗೆ ಇಂದಿಗೂ ನೆನಪಿದೆ. ನಾನು ಅದನ್ನು ತಿನ್ನುವಂತಿರಲಿಲ್ಲ, ಅವಳು ನಮ್ಮ ಅಡುಗೆಮನೆಗೆ ಬರುವಂತಿರಲಿಲ್ಲ. ಊಟದ ನಿಯಮವನ್ನು ಹಳೆಯ ಕಾಲದ ದಾಖಲೆಯೆಂದು ಮೆಚ್ಚಿಕೊಳ್ಳುವಾಗಲೆಲ್ಲ ಅದು ಗೋಡೆಯೂ ಆಗಿತ್ತೆಂಬುದನ್ನು ನಾನು ಮರೆಯಲಾರೆ. ಆ ಗೋಡೆಯ ಆಚೆಗಿನ ಆಹಾರಜ್ಞಾನ ನಮ್ಮದಕ್ಕಿಂತ ವಿಸ್ತಾರವಾಗಿತ್ತು. ಜೋಯಿಡಾದ ಕುಣಬಿ ಸಮುದಾಯದವರು ಕಾಡಿನಂಚಿನ ಮನೆಗಳ ಸುತ್ತ ಬೆಳೆದು ಉಳಿಸಿಕೊಂಡಿರುವ ಗೆಡ್ಡೆಗಳ ವೈವಿಧ್ಯವನ್ನು ಅಲ್ಲಿಯ ಗೆಡ್ಡೆ–ಗೆಣಸು ಮೇಳದಲ್ಲಿ ಕಂಡವರಿಗೆ ಇದು ತಿಳಿದೀತು. ಅವರಂಥ ಜನ ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದಲ್ಲಿ ಗುಡ್ಡದ ಮೇಲೆ ರಾಗಿ ಬೆಳೆಯುತ್ತಿದ್ದರು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಸರ್ಕಾರ ಮರಮಟ್ಟಿನ ಆದಾಯಕ್ಕಾಗಿ ಕಾಡನ್ನು ತನ್ನ ವಶಕ್ಕೆ ತೆಗೆದುಕೊಂಡು ಕುಮರಿಯನ್ನು ಹತ್ತಿಕ್ಕಿತು. ಒಂದು ಸರ್ಕಾರಿ ಆದೇಶದಿಂದ ಒಂದು ಧಾನ್ಯ ಅಷ್ಟೊಂದು ಮನೆಗಳ ತಟ್ಟೆಯಿಂದ ಜಾರಿತು.

ಕಾಡಿನ ಬಗ್ಗೆ ತಿಳಿದವರ ಮಾತು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಿದಿರಿನದೇ ಒಂದು ಉದಾಹರಣೆ ಇದೆ. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಉತ್ತರ ಕನ್ನಡದ ಬಿದಿರು ಕ್ಷೀಣಿಸುತ್ತಿರುವುದೇಕೆಂದು ಅಧ್ಯಯನ ಮಾಡಿದರು. ಕಾಗದದ ಕಾರ್ಖಾನೆಗೆ ಬಿದಿರು ಕಡಿಯುವಾಗ, ಮೆಳೆ ಸ್ವಚ್ಛವಾಗಿದ್ದರೆ ಚೆನ್ನಾಗಿ ಬೆಳೆಯುತ್ತದೆಂಬ ನಂಬಿಕೆಯಿಂದ ಬುಡದ ಮುಳ್ಳನ್ನೆಲ್ಲ ತೆಗೆದುಹಾಕಲಾಗುತ್ತಿತ್ತು. ಹಳ್ಳಿಯವರು ಮುಳ್ಳು ಇರಲಿ ಎನ್ನುತ್ತಿದ್ದರು. ಅಧ್ಯಯನದಲ್ಲಿ ಹಳ್ಳಿಯವರ ಮಾತೇ ಸರಿಯೆಂದು ಕಂಡುಬಂತು: ಮುಳ್ಳಿನ ಕಾವಲು ಹೋದ ಮೇಲೆ ಎಳೆಯ ಕಳಲೆ ದನಕರು ಮತ್ತು ಕಾಡುಪ್ರಾಣಿಗಳ ಬಾಯಿಗೆ ಸಿಕ್ಕಿ, ಮೆಳೆ ಮುಂದೆ ಬೆಳೆಯದಾಗುತ್ತಿತ್ತು. ಕಳಲೆಗಾಗಿ ಆ ಮುಳ್ಳಿನೊಳಗೆ ಕೈಹಾಕಿ ಗೀರಿಸಿಕೊಂಡ ಜನರಿಗೆ, ಯಾವ ಮುಳ್ಳು ಯಾರನ್ನು ತಡೆಯುತ್ತದೆ ಎಂಬುದು ತಿಳಿಯದೆ ಇರುತ್ತದೆಯೇ?

ಉಪ್ಪಾಗೆಗೆ ಬೆಲೆ ಬಂದಾಗ

ಮೆಣಸಿಗೆ ಆದದ್ದು ಉಪ್ಪಾಗೆಗೂ ಆಯಿತು, ಅದೂ ನನ್ನ ಕಣ್ಣೆದುರಿಗೇ. ಉಪ್ಪಾಗೆ ಶಿರಸಿ–ಸಿದ್ದಾಪುರದ ಕಾಡುಗಳಲ್ಲಿ ಬೆಳೆಯುವ, ಮುರುಗಲಿನ ಬಳಗದ ಮರ. ಕೇರಳದವರು ಇದರ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮೀನಿನ ಸಾರಿಗೆ ಕುಡಂಪುಳಿಯಾಗಿ ಬಳಸುತ್ತಾರೆ; ಕೊಡವರು ರಸವನ್ನು ಬತ್ತಿಸಿ ಹಂದಿಮಾಂಸಕ್ಕೆ ಹಾಕುವ ಕಪ್ಪು ಕಾಚಂಪುಳಿ ಮಾಡುತ್ತಾರೆ. ನಮ್ಮ ಕಡೆ ಸಿಪ್ಪೆಗಿಂತ ಬೀಜದ ಮೇಲೆ ಗಮನ ಹೆಚ್ಚು. ಹಣ್ಣಾಗಿ ಉದುರಿದ್ದನ್ನು ಆಯ್ದು ತಂದು, ಬೀಜ ಒಣಗಿಸಿ, ಕುಟ್ಟಿ, ದೊಡ್ಡ ಪಾತ್ರೆಯಲ್ಲಿ ನೀರಿನೊಡನೆ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಸೌಟಿನಲ್ಲಿ ತೆಗೆದು ಆರಿಸಿದರೆ ಉಪ್ಪಾಗೆ ತುಪ್ಪ. ಅಮ್ಮಮ್ಮ ದೋಸೆಯ ಕಾವಲಿಗೆ ಹಾಕುತ್ತಿದ್ದುದು ಅದನ್ನೇ. ಹಸುವಿನ ತುಪ್ಪ ದೇವರಿಗೆ ಮತ್ತು ನೆಂಟರಿಗೆ, ಉಪ್ಪಾಗೆ ತುಪ್ಪ ಮನೆಮಂದಿಗೆ. ಬಿಸಿ ದೋಸೆಯ ಮೇಲೆ ಅದು ಕರಗುವಾಗ ಬರುವ ತೆಳುವಾದ ಹುಳಿಘಾಟು ಬೇರಾವ ಎಣ್ಣೆಗೂ ಇಲ್ಲ.

1990ರ ದಶಕದಲ್ಲಿ ಇದರ ಸಿಪ್ಪೆಯಲ್ಲಿರುವ ಒಂದು ಆಮ್ಲ ದೇಹದ ಬೊಜ್ಜು ಕರಗಿಸುತ್ತದೆಂದು ಅಮೆರಿಕದಲ್ಲಿ ಮಾತ್ರೆಗಳು ಮಾರಾಟವಾಗತೊಡಗಿದವು. ವ್ಯಾಪಾರಿಗಳು ಒಣಸಿಪ್ಪೆಗಾಗಿ ಊರೂರಿಗೆ ಬಂದರು. ಬೆಲೆ ಏರಿದ ಹಾಗೆ ಮರದಡಿಯಲ್ಲಿ ಹಣ್ಣು ಉದುರಲು ಕಾಯುವವರು ಇಲ್ಲವಾದರು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಆತಂಕದಲ್ಲಿ ಎಳೆಗಾಯಿಯನ್ನೇ ಬಡಿದರು, ಕೆಲವು ಕಡೆ ಕೊಂಬೆಯನ್ನೇ ಕಡಿದರು. ಕೊಯ್ಲಿನ ಕಾಲ ಮಳೆಗಾಲವಾದ್ದರಿಂದ ಬಿಸಿಲಿಲ್ಲ, ಸಿಪ್ಪೆ ಒಣಗಿಸಲು ಹಗಲುರಾತ್ರಿ ಒಲೆ ಉರಿಯಬೇಕು. ಅದಕ್ಕೆ ಸೌದೆಯೂ ಅದೇ ಕಾಡಿನಿಂದಲೇ. ಕೊಯ್ದವರನ್ನು ದೂರಲು ನನ್ನ ಮನಸ್ಸು ಒಪ್ಪುವುದಿಲ್ಲ. ಭೂಮಿಯಿಲ್ಲದ ಎಷ್ಟೋ ಮನೆಗಳಿಗೆ ಮಳೆಗಾಲದಲ್ಲಿ ಕೈಗೆ ನಗದು ಬಂದದ್ದು ಅದೇ ಮೊದಲು, ಮಕ್ಕಳ ಶಾಲೆಯ ಖರ್ಚು ಅದರಿಂದ ನಡೆಯಿತು. ಆದರೆ ಎಳೆಗಾಯಿಯಲ್ಲಿ ಬೀಜ ಬಲಿತಿರುವುದಿಲ್ಲ. ಬೀಜವಿಲ್ಲದೆ ತುಪ್ಪವಿಲ್ಲ, ಹೊಸ ಸಸಿಯೂ ಇಲ್ಲ, ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೆ ಹಣ್ಣೂ ಇಲ್ಲ.

ಆಯಿ ಕೊನೆಯ ಸಲ ಉಪ್ಪಾಗೆ ತುಪ್ಪ ತೆಗೆದದ್ದು ನಾನು ಕಾಲೇಜಿನಲ್ಲಿದ್ದಾಗ. ಆಮೇಲೆ ಪೇಟೆಯಿಂದ ಪಾಕೀಟಿನ ತಾಳೆಎಣ್ಣೆ ಬಂತು. ಅದು ಅಗ್ಗ, ಯಾರೂ ಬೀಜ ಕುಟ್ಟಬೇಕಾಗಿಲ್ಲ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಸುತ್ತಿನ ಕೆಲವು ರೈತರು ಉಪ್ಪಾಗೆ ಮತ್ತು ಅಪ್ಪೆಯ ಕಸಿ ಗಿಡಗಳನ್ನು ತೋಟದ ಅಂಚಿನಲ್ಲಿ ನೆಡುತ್ತಿದ್ದಾರೆ. ಗಿಡ ಗಿಡ್ಡವಾಗಿರುತ್ತದೆ, ಬೇಗ ಫಸಲು ಬರುತ್ತದೆ, ಮರ ಹತ್ತುವವರಿಗಾಗಿ ಕಾಯಬೇಕಿಲ್ಲ, ಕಾಡಿನ ಮರದ ಮೇಲಿನ ಒತ್ತಡವೂ ಇಳಿಯುತ್ತದೆ. ಇದು ಒಳ್ಳೆಯ ಕೆಲಸವೆಂದೇ ನನ್ನ ಅಭಿಪ್ರಾಯ. ಹೋದ ಮಳೆಗಾಲದಲ್ಲಿ ಅಣ್ಣ ತನ್ನ ಕಸಿ ಉಪ್ಪಾಗೆಯ ಮೊದಲ ಫಸಲನ್ನು ಹಣ್ಣಾಗುವ ತನಕ ಮರದಲ್ಲೇ ಬಿಟ್ಟಿದ್ದ. ಸಿಪ್ಪೆಯನ್ನು ವ್ಯಾಪಾರಿಗೆ ತೂಗಿ ಕೊಟ್ಟು, ಅತ್ತಿಗೆ ಬೀಜವನ್ನು ಅಟ್ಟದ ಮೇಲೆ ಒಣಗಲು ಹರವಿದ್ದಾಳೆ. ಕುಟ್ಟುವ ಹದ, ಕುದಿಸುವ ನೀರಿನ ಅಳತೆ ಅವಳಿಗೆ ಗೊತ್ತಿಲ್ಲ. ಆಯಿಗೆ ಈಗ ಒಲೆಯ ಮುಂದೆ ಕೂರಲು ಆಗುವುದಿಲ್ಲ. ಬರುವ ತಿಂಗಳು ನಾನು ಹೋದಾಗ ಆಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳು ಹೇಳಿದ ಹಾಗೆ ನಾವಿಬ್ಬರೂ ಮಾಡುವುದೆಂದು ಫೋನಿನಲ್ಲಿ ಮಾತಾಗಿದೆ.